ಸಾಹುಕಾರರ ಕಾರಿಗೆ ಬಾಯಿ ಬಿಡಿಸಿದ್ದು

ಬಿ.ಎಸ್ಸಿ. ಪಾಸು ಮಾಡಿ ಸಣ್ಣ ಊರಿನಲ್ಲಿ ಮೇಷ್ಟ್ರಾದವನ ಮನೆಗೆ ಊರಿನ ಕೆಟ್ಟ ಸಾಮಾನೆಲ್ಲ ಒಂದೊಂದಾಗಿ ಬಂದು ಸೇರುತ್ತದೆ. ಕಡೂರಿನಲ್ಲಿ ನನ್ನ ಬಾಗಿಲಿಗೆ ಹಾರ್ಮೋನಿಯಂ ಬಂತು, ಗೋಡೆ ಗಡಿಯಾರ ಬಂತು, ಒಬ್ಬರ ಕಟ್ಟಿಸಿದ ಹಲ್ಲೂ ಬಂತು. "ನಾನು ಓದಿದ್ದು ಭೌತಶಾಸ್ತ್ರ" ಅಂದರೆ, "ಅದಕ್ಕೇ ಅಲ್ವೇ ನಿಮ್ಮ ಹತ್ರ ತಂದಿದ್ದು" ಅನ್ನುತ್ತಿದ್ದರು. ಹೀಗಿರುವಾಗ ಕೊಬ್ಬರಿ ಸಾಹುಕಾರರ ಕಾರಿನ ರೇಡಿಯೋ ಕೆಟ್ಟರೆ ಅದು ಬೇರೆಲ್ಲಿಗೆ ಹೋದೀತು?

ಆಗ ಮೈಸೂರಿನಿಂದ ಸಂಜೆ ಹೊತ್ತು ಮಾತ್ರ ಹಾಡು, ಭಾಷಣ ಬರುತ್ತಿತ್ತು. ಮನೆಯಲ್ಲಿ ರೇಡಿಯೋ ಇದ್ದವರೇ ಅಪರೂಪ. ಕಾರಿನಲ್ಲಿ ಇದ್ದದ್ದು ಈ ಸಾಹುಕಾರರೊಬ್ಬರಿಗೇ. ಅಜ್ಜಂಪುರದ ದೊಡ್ಡ ಮನೆಯೊಂದಕ್ಕೆ ಮಗಳನ್ನು ಕೊಡುವ ಮಾತು ನಡೆಯುತ್ತಿತ್ತು. ಮಾತಿನ ಭರದಲ್ಲಿ ಅವರು, "ನಮ್ಮ ಕಾರು ಹಾಡುತ್ತೆ" ಅಂದುಬಿಟ್ಟಿದ್ದರು. ಗಂಡಿನ ತಂದೆಗೆ ಸಂಗೀತವೆಂದರೆ ಪ್ರಾಣ, ಜನವೆಂದರೆ ಅನುಮಾನ. "ಶುಕ್ರವಾರ ಸಂಜೆ ತನ್ನಿ, ಕೇಳೋಣ. ಹಾಡಿದರೆ ಅಲ್ಲೇ ತಾಂಬೂಲ. ಹಾಡದಿದ್ದರೆ ನೀವು ಹೇಳಿದ ಮಿಕ್ಕ ಮಾತನ್ನೂ ಯೋಚನೆ ಮಾಡಬೇಕಾಗುತ್ತೆ" ಅಂದಿದ್ದರು.

ಆ ವಾರವೇ ಆಯುಧಪೂಜೆ. ಪೂಜೆಯಾದ ಸಂಜೆಯಿಂದ ರೇಡಿಯೋ ಮೂಕ.

೧. ಹೊಸ ದೇವರು

"ಹೆಂಗಾದ್ರೂ ಬಾಯಿ ಬಿಡಿಸಿ ಮೇಷ್ಟ್ರೇ. ಹುಡುಗಿ ಮದುವೆ ಅದರ ಬಾಯಲ್ಲಿದೆ" ಅಂದರು ಸಾಹುಕಾರರು. ನಾನು ಡ್ರೈವರನ್ನು ಕರೆದೆ.

"ಪೂಜೆ ಎಲ್ಲೆಲ್ಲಿ ಮಾಡ್ದೆ?"

"ಎಲ್ಲಾ ಕಡೆ ಸೋಮಿ. ಚಕ್ರಕ್ಕೆ ನಿಂಬೆಹಣ್ಣು, ಇಂಜಿನ್ನಿಗೆ ಕುಂಕುಮ, ಹಾರನ್ನಿಗೆ ಹೂವ."

"ರೇಡಿಯೋಗೆ?"

"ಅದು ಹೊಸ ದೇವ್ರಲ್ವಾ, ಅದಕ್ಕೆ ಬೇರೆ ಕಾಯಿ ಒಡ್ದೆ."

"ಕಾಯಿ ನೀರು ಏನ್ಮಾಡ್ದೆ?"

"ಅದರ ತಲೆ ಮ್ಯಾಲೇ ಅಭಿಷೇಕ ಮಾಡ್ದೆ ಸೋಮಿ."

ಪೆಟ್ಟಿಗೆ ಬಿಚ್ಚಿದೆ. ಒಳಗೆ ಅಕ್ಷತೆ, ಸೇವಂತಿಗೆ ಎಸಳು, ಗಂಧ, ಒಂದು ಇರುವೆ ಸಾಲು. ಎಲ್ಲ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಕೂರಿಸಿದೆ. ರೇಡಿಯೋದ ದೀಪ ಹತ್ತಲಿಲ್ಲ. ನೀರು ಬಿದ್ದ ಏಟಿಗೆ ಎಲ್ಲೋ ಏನೋ ಸುಟ್ಟಿದೆ. ತಂತಿ ಹಿಡಿದುಕೊಂಡು ಹೋಗಿ ಹುಡುಕಬೇಕು ಅಂದೆ.

"ಪೂಜೇಲಿ ಏನಾರಾ ತಪ್ಪಾಯ್ತಾ ಸೋಮಿ?" ಎಂದು ಡ್ರೈವರ್ ಕೈ ಮುಗಿದ.

"ಏನೂ ತಪ್ಪಿಲ್ಲಪ್ಪ. ಇನ್ನು ಕೆರೆಗೆ ಬಿಡೋದೊಂದೇ ಬಾಕಿ."

೨. ಮಣ್ಣಿನ ಪ್ರಶ್ನೆ

ಪಕ್ಕದ ಮನೆಯ ಪೋಸ್ಟ್ ಮಾಸ್ಟರರಿಗೆ ಸ್ವಂತ ರೇಡಿಯೋ ಇತ್ತು. ಆದ್ದರಿಂದ ಸ್ವಂತ ಅಭಿಪ್ರಾಯವೂ ಇತ್ತು. ಅವರ ಮನೆಯಲ್ಲಿ ರೇಡಿಯೋದಿಂದ ಒಂದು ತಂತಿ ಹಿತ್ತಲಿಗೆ ಹೋಗಿ ನೆಲದಲ್ಲಿ ಹೂತಿತ್ತು. ಅದಕ್ಕೆ ದಿನಾ ಒಂದು ಚೊಂಬು ನೀರು ಹುಯ್ಯಬೇಕು. ಅವರು ಕಾರಿನ ಸುತ್ತ ಬಂದು, ಬಗ್ಗಿ ನೋಡಿ, ತೀರ್ಪು ಕೊಟ್ಟರು: "ನಾಲ್ಕು ರಬ್ಬರ್ ಚಕ್ರದ ಮೇಲೆ ನಿಂತಿದೆ. ಇದಕ್ಕೆ ಭೂಮಿ ಸಂಬಂಧವೇ ಇಲ್ಲವಲ್ರೀ!"

ಕಾರಿನ ಕಬ್ಬಿಣದ ಮೈಯೇ ಅದಕ್ಕೆ ಭೂಮಿ ಅಂದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಯೊಳಗೆ ಒಂದು ಹಿತ್ತಾಳೆ ಕೊಳಗದ ತುಂಬ ಕೆರೆ ಮಣ್ಣು ತುಂಬಿ, ಕಾರು ಹತ್ತಲು ಕಾಲಿಡುವ ಪಕ್ಕದ ಮೆಟ್ಟಿಲಿಗೆ ಕಟ್ಟಿ, ತಂತಿ ಹೂತರು.

ಸಾಹುಕಾರರ ತಾಯಿ ಹೊರಗೆ ಬಂದರು. "ಲೇ, ಏನೋ ಇದು, ಮನೆ ಮುಂದೆ ಬರೀ ಮಣ್ಣು ತುಂಬಿದ ಪಾತ್ರೆ? ಅನಿಷ್ಟ ಕಣೋ."

"ರೇಡಿಯೋಗೆ ಕಣಮ್ಮ."

"ಯಾರಿಗಾದ್ರೂ ಆಗ್ಲಿ" ಅಂದವರೇ ಹಿತ್ತಲಿನಿಂದ ಒಂದು ತುಳಸಿ ಸಸಿ ತಂದು ಕೊಳಗದಲ್ಲಿ ನೆಟ್ಟುಬಿಟ್ಟರು.

ಅಲ್ಲಿಂದ ಕಾರಿಗೆ ಮಡಿ ಬಂತು. ಡ್ರೈವರ್ ಬೀಡಿ ಸೇದುವಂತಿಲ್ಲ. ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ. ಸ್ನಾನ ಮಾಡದೆ ನಾನು ಮುಟ್ಟುವಂತಿಲ್ಲ. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿಯೇ ಹೋದೆ.

"ಒದ್ದೆ ಬಟ್ಟೇಲಿ ಬರ್ಬೇಕಿತ್ತು ಮೇಷ್ಟ್ರೇ" ಅಂದರು ಅಜ್ಜಿ.

"ಒದ್ದೆ ಬಟ್ಟೇಲಿ ಆ ತಂತಿಗಳನ್ನ ಮುಟ್ಟಬಾರದಮ್ಮ."

"ಯಾಕೆ, ಅದಕ್ಕೂ ಮಡಿಯಾ?"

"ಹೂಂ ಅಮ್ಮ. ನಿಮಗಿಂತ ಒಂದು ಕೈ ಜಾಸ್ತಿ."

ಆ ದಿನವೂ ನನ್ನನ್ನು ಕಾರಿನ ಹತ್ತಿರ ಬಿಡಲಿಲ್ಲ.

೩. ತರೀಕೆರೆಯ ತಜ್ಞರು

ರೇಡಿಯೋ ಅಂದರೆ ತಂತಿಯಿಲ್ಲದ ಟಪಾಲು. ತಂತಿ ವಿಷಯ ತಂತಿ ಗುಮಾಸ್ತರಿಗಲ್ಲದೆ ಇನ್ಯಾರಿಗೆ ಗೊತ್ತು ಎಂದು ಯಾರೋ ಹೇಳಿದರು. ಗುರುವಾರ ಕಾರು, ತುಳಸಿ, ಡ್ರೈವರ್, ಸಾಹುಕಾರರು, ನಾನು ತರೀಕೆರೆಗೆ ಹೋದೆವು.

ತಂತಿ ಗುಮಾಸ್ತರು ಪೇಟೆ ಬೀದಿಯಲ್ಲೇ ಕಾರು ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಟೆಲಿಗ್ರಾಂ ಕಳಿಸುವ ಹಾಗೆ ಪೆನ್ಸಿಲಿನಿಂದ ರೇಡಿಯೋದ ಮೇಲೆ ಟಕ್, ಟಕ್ಕಟಕ್ ಎಂದು ಬಡಿದರು. ಕಿವಿಯಿಟ್ಟು ಕಾದರು. "ಉತ್ತರ ಬರ್ತಿಲ್ಲ" ಅಂದರು.

"ಏನು ಕೇಳಿದಿರಿ?"

"ಯಾವ ಸ್ಟೇಷನ್ ಅಂತ ಕೇಳ್ದೆ. ಹೇಳ್ತಿಲ್ಲ. ಕೊಬ್ಬು."

ಇದನ್ನು ಕಾಫಿ ಕುಡಿಯುತ್ತಾ ಯೋಚಿಸಬೇಕೆಂದು ಅವರು ಸಾಹುಕಾರರನ್ನು ಹೋಟೆಲಿಗೆ ಕರೆದೊಯ್ದರು. ಡ್ರೈವರ್ ಮೂರು ದಿನದ ಬೀಡಿ ಬಾಕಿ ತೀರಿಸಲು ಮೂಲೆ ಹಿಡಿದ. ನನಗೆ ಬೇಕಾಗಿದ್ದ ಏಕಾಂತ ಕೊನೆಗೂ ಸಿಕ್ಕಿತು. ಅಂಗಾತ ಮಲಗಿ, ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ, ಕಾಲನ್ನು ಬಾಗಿಲಿನಿಂದ ಹೊರಗೆ ಬಿಟ್ಟು, ತಂತಿ ಹಿಡಿದು ಹೊರಟೆ. ಫ್ಯೂಸ್ ಸುಟ್ಟಿತ್ತು. ಅಷ್ಟೆ. ಜೇಬಿನಲ್ಲಿ ತಂದಿದ್ದ ಹೊಸದು ಹಾಕಿದೆ. ದೀಪ ಹತ್ತಿತು.

ಏಳೋಣವೆಂದರೆ ಸುತ್ತಮುತ್ತ ಬಳೆ ಸದ್ದು. ಬೀದಿಯಲ್ಲಿ ತುಳಸಿ ನಿಂತಿರುವುದನ್ನು ಕಂಡ ಹೆಂಗಸರು ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದರು.

"ಇದ್ಯಾರವ್ವ ಹಿಂಗೆ ಮಲಗಿರೋದು?" ಅಂದಳು ಒಬ್ಬಳು.

"ಏನೋ ಹರಕೆ ಇರ್ಬೇಕು, ಸುಮ್ನಿರೇ" ಅಂದ ಇನ್ನೊಬ್ಬಳು ನನ್ನ ಹೆಬ್ಬೆರಳಿಗೆ ಕುಂಕುಮ ಇಟ್ಟು ಮುಂದಕ್ಕೆ ಹೋದಳು.

ಆ ಸಂಜೆ ರೇಡಿಯೋ ಹಾಡಿತು. ಅಜ್ಜಿ ತುಳಸಿಗೆ ನಮಸ್ಕಾರ ಮಾಡಿದರು. ಡ್ರೈವರ್ ತನ್ನ ಕಾಯಿಯ ಫಲ ಅಂದ. ತಂತಿ ಗುಮಾಸ್ತರು, "ನಾನು ಕೇಳಿದ್ದಕ್ಕೆ ಉತ್ತರ ತಡವಾಗಿ ಬಂತು" ಎಂದು ಹೇಳಿ ಕಳಿಸಿದರು. ಫ್ಯೂಸಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

೪. ಅಜ್ಜಂಪುರದಲ್ಲಿ ಮಂಗಳ

ಶುಕ್ರವಾರ ಸಂಜೆ ಗಂಡಿನ ತಂದೆ ಜರಿ ರುಮಾಲು ಸುತ್ತಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಮೈಸೂರಿನಲ್ಲಿ ಯಾರೋ ವಿದ್ವಾಂಸರು ರಾಗ ಎತ್ತಿದರು. ಇವರು ತೊಡೆಯ ಮೇಲೆ ತಾಳ ಹಾಕಿದರು. ಸಾಹುಕಾರರ ಮುಖ ಅರಳಿತು.

"ಆ ಗುರುಗುರು ನಿಲ್ಸಿ. ಶ್ರುತಿಗೆ ಅಡ್ಡ ಬರುತ್ತೆ" ಅಂದರು ಗಂಡಿನ ತಂದೆ.

ಇಂಜಿನ್ ನಿಲ್ಲಿಸಿ ಬಹಳ ಹೊತ್ತು ಹಾಡಿಸಿದರೆ ಬ್ಯಾಟರಿ ಇಳಿದುಹೋಗುತ್ತೆ ಎಂದು ಸಾಹುಕಾರರ ಕಿವಿಯಲ್ಲಿ ಹೇಳಿದೆ. "ಬೀಗರಾಗೋರು ಕಣ್ರೀ, ಸುಮ್ನಿರಿ" ಅಂದರು.

ಪಲ್ಲವಿಯ ನಡುವೆ ವಿದ್ವಾಂಸರ ದನಿ ಕ್ಷೀಣಿಸಿತು, ನರಳಿತು, ನಿಂತಿತು.

"ಇಳೀಬೇಕು ಸ್ವಾಮಿ, ತಾಂಬೂಲಕ್ಕೆ ಎಲ್ಲಾ ಸಿದ್ಧವಾಗಿದೆ" ಎಂದರು ಸಾಹುಕಾರರು.

"ಇಳಿಯೋದಾ? ಕಚೇರಿಯಲ್ಲಿ ಮಂಗಳ ಆಗದೆ ಎದ್ದು ಶುಭಕಾರ್ಯಕ್ಕೆ ಕೂರ್ತಾರೇನ್ರೀ?"

ನಮ್ಮ ಜೊತೆಗೆ ಬಂದಿದ್ದ ಜೋಯಿಸರು, "ಮಂಗಳ ನಾನೇ ಹೇಳ್ತೀನಿ" ಅಂದರು.

"ಶುರು ಮಾಡಿದವರೇ ಮುಗಿಸಬೇಕು."

ಮನುಷ್ಯ ಅಲ್ಲಾಡಲಿಲ್ಲ. ಉಳಿದದ್ದು ಒಂದೇ ದಾರಿ: ಅವರನ್ನು ಒಳಗಿಟ್ಟುಕೊಂಡೇ ಕಾರು ತಳ್ಳಿ ಇಂಜಿನ್ ಎಬ್ಬಿಸುವುದು. ಡ್ರೈವರ್ ಸ್ಟಿಯರಿಂಗ್ ಹಿಡಿದ. ಗಂಡಿನ ಕಡೆಯ ಹುಡುಗರು ಪಂಚೆ ಎತ್ತಿ ಕಟ್ಟಿದರು. "ಛೆ ಛೆ, ನೀವು ಕೈ ಹಚ್ಚಬಾರದು" ಎಂದು ಸಾಹುಕಾರರು ತಡೆದರು. ಹೀಗಾಗಿ ತಳ್ಳಿದವರು ಹೆಣ್ಣಿನ ಕಡೆಯ ನಾವು ಮೂರು ಜನ: ಆಸ್ತಮಾ ಇದ್ದ ಸಾಹುಕಾರರು, ಮಡಿಯುಟ್ಟ ಜೋಯಿಸರು, ನಾನು. ಕಾರು ಏಕೋ ನಮ್ಮ ಯೋಗ್ಯತೆಗೆ ಮೀರಿ ಚಲಿಸಿತು. ತಿರುಗಿ ನೋಡಿದರೆ ಮುಸ್ಸಂಜೆಯಲ್ಲಿ ನನ್ನ ಪಕ್ಕ ನಾಲ್ಕನೆಯವನೊಬ್ಬ. ಮದುವೆ ಗಂಡು!

"ನೀವ್ಯಾಕೆ ಸ್ವಾಮಿ?"

"ಸುಮ್ನೆ ತಳ್ರೀ ಮೇಷ್ಟ್ರೇ. ನಾನು ಹುಡುಗೀನ ನೋಡಿದೀನಿ."

ಸ್ಟೇಷನ್ ರಸ್ತೆಯ ಇಳಿಜಾರಿನಲ್ಲಿ ಇಂಜಿನ್ ಗುಡುಗಿತು. ಸ್ವಲ್ಪ ಹೊತ್ತಿಗೆ ರೇಡಿಯೋ ಕೆಮ್ಮಿ ಎದ್ದಿತು. ಅಷ್ಟರಲ್ಲಿ ಕಚೇರಿ ಮುಗಿದುಹೋಗಿ, ಯಾರೋ ಅಧಿಕಾರಿಗಳು ಇಂಗ್ಲಿಷಿನಲ್ಲಿ ಕೋಳಿಗಳಿಗೆ ಬರುವ ಭೇದಿ ರೋಗದ ಬಗ್ಗೆ ಭಾಷಣ ಮಾಡುತ್ತಿದ್ದರು.

ಗಂಡಿನ ತಂದೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಮೇಷ್ಟ್ರೇ, ಇಂಗ್ಲಿಷ್ ಬಲ್ಲೋರು ನೀವೊಬ್ಬರೇ. ಇದೇನು ಹೇಳ್ತಿದಾರೆ?"

ಸಾಹುಕಾರರು ಏದುಸಿರು ಬಿಡುತ್ತಲೇ ನನಗೆ ಕೈ ಮುಗಿದರು. ಜೋಯಿಸರು ಆಕಾಶ ನೋಡಿದರು. ಗಂಡು ನನ್ನ ಕೋಟಿನ ತುದಿ ಹಿಡಿದು ಜಗ್ಗಿದ.

"ಮಂಗಳ ಸ್ವಾಮಿ" ಅಂದೆ.

ಅವರು ಕಣ್ಣು ಮುಚ್ಚಿ ಕೈ ಜೋಡಿಸಿ, ಕೋಳಿಯ ರೋಗಲಕ್ಷಣ, ಔಷಧಿ, ಪಥ್ಯ ಎಲ್ಲವನ್ನೂ ಭಕ್ತಿಯಿಂದ ಕೇಳಿದರು. ಭಾಷಣ ಮುಗಿದ ಮೇಲೆ ರೇಡಿಯೋ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದರು. ತಾಂಬೂಲ ಬದಲಾಯಿತು.

ಹೊರಡುವಾಗ ನನ್ನನ್ನು ಒಂದು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಇಂಗ್ಲಿಷ್ ಮಂಗಳದಲ್ಲಿ ರಾಗ ಸ್ವಲ್ಪ ಕಡಿಮೆ ಮೇಷ್ಟ್ರೇ. ಆದರೆ ಆ ಮನುಷ್ಯ ಭಾವ ತುಂಬಿ ಹೇಳಿದ, ನನ್ನ ಕಣ್ಣಲ್ಲಿ ನೀರು ಬಂತು."