ಕೆಂಪಿಗೇರಿದ ಮುಳ್ಳು

ಎಲ್ಲಕ್ಕೂ ಕಾರಣ ಗೇಣುದ್ದದ ಒಂದು ವೈರು. ತಾತನ ಕಾಲದ ಅಂಬಾಸಿಡರಿನ ಎಂಜಿನ್ನಿನಿಂದ ಅದನ್ನು ಬಿಚ್ಚಿ ಬಾಡಿಯ ಬೋಲ್ಟಿಗೆ ಸುತ್ತಿದರೆ ಸಾಕು, ಕೀಲಿ ತಿರುವಿದೊಡನೆ ಟೆಂಪರೇಚರ್ ಮೀಟರಿನ ಮುಳ್ಳು ಗಕ್ಕನೆ ಕೆಂಪಿಗೇರುತ್ತದೆಂದು ಜಂಬುನಾಥ ಕಂಡುಕೊಂಡ. ಅವತ್ತಿನಿಂದ ಹೊಸಪೇಟೆಯ ಅವನ ಓಣಿಗೆ ಪುಕ್ಕಟೆ ಸವಾರಿ ನಿಂತಿತು.

ಅಲ್ಲಿಯವರೆಗೆ ನೆಂಟರಿಗೆ ಹಂಪಿ ತೋರಿಸಲಿಕ್ಕೂ, ಸಂಡೂರಿಗೆ ಹೆಣ್ಣು ನೋಡಲು ಹೋಗಲಿಕ್ಕೂ ಎಲ್ಲರಿಗೂ ಆ ಕಾರೇ ಬೇಕಿತ್ತು. ಸೀಟಿನ ತುಂಬ ಮಂಡಕ್ಕಿ ಚೆಲ್ಲಿ, ಬಾಗಿಲನ್ನು ಧಡಾರೆಂದು ಬಡಿದು ಇಳಿಯುತ್ತಿದ್ದರು. ಜಂಬುನಾಥನ ಜೀವ ಚುರ್ ಎನ್ನುತ್ತಿತ್ತು. ಈಗ ಯಾರು ಕೇಳಿದರೂ ಮುಳ್ಳು ತೋರಿಸಿದರಾಯಿತು.

ಆ ಬೆಳಿಗ್ಗೆ ಪಕ್ಕದ ಮನೆಯ ಅಂದಾನಪ್ಪ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಹೊಳೆಮ್ಮ ಮತ್ತು ಇಬ್ಬರು ಬೀಗರ ಸಮೇತ ಬಂದ. "ಕಂಪ್ಲಿಯಾಗ ಮೊಮ್ಮಗಳ್ನ ತೊಟ್ಲಾಗ ಹಾಕ್ತಾರ. ಜಲ್ದಿ ಗಾಡಿ ತಗಿಯಪ್ಪ."

"ಕುದೀತೈತ್ರಿ ಗಾಡಿ!" ಜಂಬುನಾಥ ಮುಳ್ಳು ತೋರಿಸಿದ. ಖಾತ್ರಿಗಿರಲಿ ಎಂದು ಗೋಣಿಚೀಲವೊಂದನ್ನು ನೆನೆಸಿ ರೇಡಿಯೇಟರಿನ ಮುಂದೆ ಬಿಗಿದು ಕಟ್ಟಿಯೂ ಬಿಟ್ಟ.

"ಅಯ್ಯ, ಜ್ವರ ಬಂದೋರ ಹಣಿಗೆ ಹಸಿ ಬಟ್ಟಿ ಹಾಕ್ದಂಗಾತಲ್ಲ!" ಹೊಳೆಮ್ಮ ಮರುಗಿದಳು.

"ನೀ ಒಬ್ನ ಯಾಕ ಒದ್ದಾಡ್ತಿ? ಓಣಿ ಯಾಕೈತಿ?" ಎಂದ ಅಂದಾನಪ್ಪ ಮೆಕ್ಯಾನಿಕ್ ಹಾಲೇಶನನ್ನು ಕರೆದು ತಂದ. ಜಂಬುನಾಥ ವೈರಿಗೆ ಅಡ್ಡ ನಿಂತು, "ಮೊದಲ ಚಾ ಕುಡಿ ಹಾಲೇಶಿ" ಎಂದು ಉಪಚಾರ ಮಾಡಿದ. ಹಾಲೇಶ ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈಯಿಂದ ಅವನನ್ನು ಸರಿಸಿ ಬಗ್ಗಿದ.

"ಯಾವನೋ ಬದ್ಮಾಷ್ ಈ ವೈರ್ ಬಿಚ್ಚಿ ಬೋಲ್ಟಿಗೆ ಕಟ್ಯಾನ್ರಿ!"

"ಇಲಿ ಇರಬೇಕು" ಎಂದ ಜಂಬುನಾಥ.

"ಇಲಿ ಗಂಟು ಹಾಕ್ತೈತೇನ್ರಿ?"

ಹೊಳೆಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರಿಂದ ಆ ವಿಚಾರಣೆ ಮುಂದುವರಿಯಲಿಲ್ಲ. ವೈರು ಸ್ವಸ್ಥಾನ ಸೇರಿತು, ಮುಳ್ಳು ಕೆಳಗಿಳಿಯಿತು. ಟ್ರಯಲ್ ನೋಡುತ್ತೇನೆಂದು ಹಾಲೇಶನೇ ಸ್ಟೀರಿಂಗ್ ಹಿಡಿದ. ಕಾರಿನ ಮಾಲೀಕ ಹಿಂದೆ ಆ ಇಬ್ಬರು ಬೀಗರ ನಡುವೆ ಸಿಕ್ಕಿಕೊಂಡ.

ಕಾಲುವೆ ದಾರಿಯಲ್ಲಿ ಮುಳ್ಳು ಮೆಲ್ಲಗೆ ಏಳತೊಡಗಿತು. ಜಂಬುನಾಥನಿಗೆ ಆಗ ನೆನಪಾಯಿತು, ಗೋಣಿಚೀಲ ಬಿಚ್ಚಿಲ್ಲ! ಎಂಜಿನ್ನಿಗೆ ಗಾಳಿಯೇ ಇಲ್ಲ!

"ನಿಲ್ಸೋ ಹಾಲೇಶಿ, ಕೆಂಪಿಗೆ ಬಂತು!"

"ವೈರ್ ಮತ್ತ ಬೋಲ್ಟಿಗೆ ತಾಗಿರಬೇಕ್ರಿ. ಸುಳ್ಳು ಮುಳ್ಳು" ಎಂದು ಹಾಲೇಶ ಇನ್ನಷ್ಟು ತುಳಿದ.

"ಹೊತ್ತು ಮೀರ್ತೈತಿ, ನಡಿ ನಡಿ" ಎಂದ ಅಂದಾನಪ್ಪ.

ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮಾನ ಉಳಿಸಿಕೊಂಡರೆ ತಾತನ ಎಂಜಿನ್ ಹೋಗುತ್ತದೆ. ಜಂಬುನಾಥನಿಗೆ ಅಳುವೇ ಬಂತು.

"ಮುಳ್ಳು ಸುಳ್ಳು ಹೇಳಿಲ್ಲಲೇ, ನಾನ ಹೇಳಿದ್ದೆ! ಎಲ್ಲಾರೂ ಗಾಡಿ ಕೇಳ್ತಾರಂತ ನಾನ ವೈರ್ ಕಟ್ಟಿದ್ದೆ! ಈ ಸಲ ಖರೇನ ಕುದೀತೈತಿ, ನಿಲ್ಸೋ!"

ಕಾರು ನಿಂತಿತು. ಹಾಲೇಶ ಗೋಣಿಚೀಲ ಕಿತ್ತೆಸೆದ. ಎಂಜಿನ್ ಆರಿದ ಮೇಲೆ ಮತ್ತೆ ಚಾಲೂ ಮಾಡಿದಾಗ ಮುಳ್ಳು ನಡುಮಧ್ಯೆ ನಿಂತಿತ್ತು. ಜಂಬುನಾಥ ಕಾಲುವೆಯ ದಂಡೆಯ ಮೇಲೆ ತಲೆ ತಗ್ಗಿಸಿ ಕೂತು, ಬೈಗುಳಕ್ಕೆ ಕಾದ.

ಹೊಳೆಮ್ಮ ಬಳಿ ಬಂದಳು. "ಅಂದ್ರ ಇಷ್ಟು ದಿನ ಗಾಡಿಗೆ ಏನೂ ಆಗಿದ್ದಿಲ್ಲೇನಪ್ಪ?"

"ಇಲ್ರೀ."

ಅವಳ ಮುಖ ಅರಳಿತು. ಅಷ್ಟರಲ್ಲಿ ಅಂದಾನಪ್ಪ ಫೋನಿನಲ್ಲಿ ಕೂಗುತ್ತಿದ್ದ:

"ಏ, ತೊಟ್ಲಿಗೆ ಹೊಂಟ ನಮ್ಮ ಓಣಿ ಮಂದಿ ಕಂಪ್ಲಿ ಬಸ್ ಹತ್ಯಾರೇನು? ಹತ್ತಿದ್ರ ಇಳಿಸು! ಗಾಡಿ ಮಸ್ತ್ ಐತಂತ. ನಮ್ಮನ್ನ ಬಿಟ್ಟು ಜಂಬುನಾಥ ವಾಪಸ್ ಬರ್ತಾನ, ಅಲ್ಲೇ ಕುಂದ್ರಿ!"