ಫ್ರೀಜರಿನ ಸವತಿಯರು

ಹೊಟ್ಟೆಕಿಚ್ಚು ಪಡುವವರಿಗೆ ಲೋಕದಲ್ಲಿ ಏನೇನೋ ಇರುತ್ತದೆ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಭತ್ತದ ಎಲೆಗಳ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆ ಸೋಮವಾರ ಎಲ್ಲ ಸೋಮವಾರಗಳಂತೆಯೇ ಶುರುವಾಯಿತು. ನಮ್ಮವರು ಸ್ನಾನಕ್ಕೆ ಹೋಗಿದ್ದರು. ಈ ತಮಿಳು ಊರಿನ ಲ್ಯಾಬೊಂದರಲ್ಲಿ ಭತ್ತಕ್ಕೆ ಬರುವ ವೈರಸ್ಸನ್ನು ಪತ್ತೆ ಮಾಡುವುದು ಅವರ ಉದ್ಯೋಗ. ಎಲೆ ಅರೆದು, ಅದರೊಳಗೆ ವೈರಸ್ಸಿನ ಜೀನ್ ಇದ್ದರೆ ಯಂತ್ರದಲ್ಲಿ ಅದನ್ನು ಲಕ್ಷಗಟ್ಟಲೆ ಪ್ರತಿ ಮಾಡುತ್ತಾರಂತೆ. ರೋಗವಿದ್ದರೆ ಒಂದು ಗೆರೆ ಹೊಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ತಲೆಗೆ ಹತ್ತಿದ್ದು ಇಷ್ಟೇ.

ಭಾನುವಾರ ಹೊಲ ಸುತ್ತಿ ತಂದ ಎಲೆಗಳು ಲ್ಯಾಬ್ ತೆರೆಯುವವರೆಗೆ ನಮ್ಮ ಫ್ರೀಜರಿನಲ್ಲೇ ಇರುತ್ತಿದ್ದವು. ನನಗೆ ಜ್ವರ ಬಂದರೆ “ಮಾತ್ರೆ ನುಂಗಿ ಮಲಗೇ” ಅನ್ನುತ್ತಿದ್ದ ಮನುಷ್ಯ, ರೋಗದ ಎಲೆಗಳಿಗೆ ಬೆಳ್ಳಿಯಂಥ ಫಾಯಿಲ್ ಹೊದಿಸಿ, ಊರಿನ ಹೆಸರು ಬರೆದು ಸಾಲಾಗಿ ಮಲಗಿಸುತ್ತಿದ್ದರು. ನನ್ನ ತೆಂಗಿನ ತುರಿಗೂ ಅಲ್ಲಿ ಜಾಗವಿರಲಿಲ್ಲ. ಹೋಲಿಸಿ ನೋಡಲು ಒಂದು ಆರೋಗ್ಯವಂತ ಎಲೆಯೂ ಬೇಕು. ಅದು ಬಾಲ್ಕನಿಯಲ್ಲಿ ನಾನು ನೀರು ಹಾಕಿ ಬೆಳೆಸಿದ ಕುಂಡದ ಭತ್ತದ್ದು. ಅದಕ್ಕೆ ಮಾತ್ರ ಬರೀ ಪ್ಲಾಸ್ಟಿಕ್ ಕವರು, ಮೂಲೆಯ ವಾಸ. ಕಾಯಿಲೆ ಬಿದ್ದರೇ ಮರ್ಯಾದೆ ಅಂತ ನನಗೆ ಉರಿಯಿತು. ರೋಗ ಕಣ್ಣಿಗೆ ಕಾಣುವ ಮೊದಲೇ ಹಿಡಿಯಬೇಕೆಂಬುದು ಅವರ ಹಟ, ಹಾಗಾಗಿ ರೋಗದ ಎಲೆಯೂ ನನ್ನದೂ ನೋಡಲು ಒಂದೇ ಹಸಿರು. ಅವರು ಸ್ನಾನ ಮುಗಿಸುವುದರೊಳಗೆ ನನ್ನ ಎಲೆಯನ್ನು ಒಂದು ಫಾಯಿಲಿಗೆ ಹಾಕಿ, ಆ ಫಾಯಿಲಿನದನ್ನು ಕವರಿಗೆ ತುರುಕಿದೆ. ಒಂದು ದಿನವಾದರೂ ನನ್ನದೂ ರಾಣಿಯ ಹಾಗೆ ಮಲಗಲಿ!

ನಾಲ್ಕು ಗಂಟೆಗೆ ಫೋನ್ ಬಂತು.

“ಸರೋಜಾ, ನಿನ್ನ ಕುಂಡದ ಎಲೆಯಲ್ಲಿ ಗೆರೆ ಬಂದಿದೆ ಕಣೇ! ಫ್ರೀಜರ್ ಮುಟ್ಟಿದ್ಯಾ?”

“ನಾನ್ಯಾಕೆ ಮುಟ್ಟಲಿ?” ಅಂದೆ. ಸಂಜೆ ಕಾಫಿ ಕೊಟ್ಟು, ಮುಖ ನೋಡಿಕೊಂಡು ಹೇಳಿದರಾಯಿತು ಅಂದುಕೊಂಡೆ. ಸಂಜೆ ಅವರು ಪೆರಂಬೂರು ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದರು. ಮನೆಗೆ ನಡೆದು ಬರಲಿಲ್ಲ.

ಮೂರು ತಿಂಗಳಾದ ಮೇಲೆ, ಉಳಿದ ಪೊಟ್ಟಣಗಳನ್ನು ಒಯ್ಯಲು ಅವರ ಲ್ಯಾಬಿನ ಮಲರ್ ಬಂದಳು. ಫ್ರೀಜರ್ ಬಾಗಿಲು ಹಿಡಿದುಕೊಂಡೇ ಅತ್ತಳು.

“ಅಕ್ಕಾ, ಅವತ್ತು ಎಲೆ ಅದಲು ಬದಲಾಯ್ತಲ್ಲ, ನಾನೇ ಮಾಡಿದ್ದು ಅಂತ ಸಾರ್ ಕಾಲು ಗಂಟೆ ಬೈದ್ರು. ಅದೇ ಕಡೇ ಮಾತು.”

ಕಾಲು ಗಂಟೆ! ನನಗೆ ಸಿಕ್ಕಿದ್ದು ಎರಡು ವಾಕ್ಯದ ಫೋನು. ಅವಳ ಮೇಲೆ ಬಂದ ಕಿಚ್ಚಿನ ಮುಂದೆ ಎಲೆಗಳ ಮೇಲಿನದು ಏನೂ ಅಲ್ಲ. ಆದರೆ ಆ ಹುಡುಗಿ ಮಾಡದ ತಪ್ಪನ್ನು ಹೊತ್ತುಕೊಂಡು ತಿರುಗುತ್ತಿದ್ದಳು. “ಮಾಡಿದ್ದು ನಾನು ಕಣಮ್ಮಾ,” ಎಂದು ಎಲ್ಲ ಹೇಳಿಬಿಟ್ಟೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. “ಅಯ್ಯೋ ಅಕ್ಕಾ, ಹಾಗಾದ್ರೆ ಅಷ್ಟೂ ನಿಮ್ಮದಾ? ವಾಪಸ್ ತಗೊಳ್ಳಿ!”

“ಏನೇನಂದ್ರು, ಹೇಳು,” ಅಂದೆ. ಅವಳು ಸೊಂಟಕ್ಕೆ ಕೈಯಿಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೈದು ತೋರಿಸಿದಳು. ಚೆನ್ನಾಗಿಯೇ ಮಾಡಿದಳು. ಆದರೆ ಅವರು ಬೈದದ್ದು ತಮಿಳಿನಲ್ಲಿ. ನನಗಾಗಿದ್ದರೆ ಕನ್ನಡದಲ್ಲಿ ಬೈಯುತ್ತಿದ್ದರು.

ಈಗ ಫ್ರೀಜರಿನಲ್ಲಿ ತೆಂಗಿನ ತುರಿಗೆ ಬೇಕಾದಷ್ಟು ಜಾಗವಿದೆ. ಆ ಬೈಗುಳ ನನಗೆ ಇನ್ನೂ ಸಿಕ್ಕಿಲ್ಲ.