ಈರಮ್ಮತ್ತೆಗೊಂದು ಲ್ಯಾಪ್‌ಟಾಪ್

ಗೊತ್ತಿಲ್ಲದ ವಸ್ತು ಕೊಳ್ಳುವಾಗ ಎಲ್ಲ ಗೊತ್ತಿರುವವನಂತೆ ಮುಖ ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ ಅದು ಇನ್ನಷ್ಟು ಬಲಿಯಿತು. ಹೊಲಿಗೆ ಮೆಷಿನ್ ಕೊಳ್ಳುವಾಗ ಚಕ್ರವನ್ನು ಹಿಂದುಮುಂದಾಗಿ ತಿರುಗಿಸಿ, ದಾರವೆಲ್ಲ ಸಿಕ್ಕುಗಟ್ಟಿಸಿ, "ಚೆನ್ನಾಗಿದೆ" ಎಂದು ತಲೆದೂಗಿದ್ದನ್ನು ನನ್ನ ಹೆಂಡತಿ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅಂಥ ನಾನು ಲ್ಯಾಪ್‌ಟಾಪ್ ಕೊಳ್ಳಲು ಹೊರಟೆ. ಕಾರಣ, ಹುಳಿಯಾರಿನ ಆಚೆ ಹಟ್ಟಿಯಲ್ಲಿರುವ ನನ್ನ ಸೋದರತ್ತೆ ಈರಮ್ಮ. ದನ ಕಾಯುವವರ ಕಥೆಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವರು ಅಲ್ಲಿ ಈಗ ಅವಳೊಬ್ಬಳೇ. "ಮೊನ್ನೆ ಅರ್ಧದಾಗೇ ಮರ್ತೋಯ್ತು ಕಣ್ಲಾ. ಬರ್ಕಳಂಗಿದ್ರೆ ಬೇಗ ಬರ್ಕ" ಎಂದಿದ್ದಳು. ಬರೆದರೆ ಮಾತು ಉಳಿದೀತು, ಆ ದನಿ? ನನಗೆ ನಿಜಕ್ಕೂ ಭಯವಾಯಿತು.

ತಿಪಟೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಬಷೀರ್ ಸಾಬರನ್ನು ಜೊತೆಗೆ ಕರೆದುಕೊಂಡು ತುಮಕೂರಿನ ಅಂಗಡಿಗೆ ಹೋದೆ. ಬಸ್ಸು ಕಿಬ್ಬನಹಳ್ಳಿ ದಾಟುವಷ್ಟರಲ್ಲಿ ಅವರ ಪಾಠ ಮುಗಿದಿತ್ತು. "ಬಣ್ಣ ನೋಡ್ಬೇಡಿ ಮೇಷ್ಟ್ರೇ. ಹಟ್ಟೀಲಿ ಕರೆಂಟ್ ನಂಬೋಂಗಿಲ್ಲ, ಬ್ಯಾಟ್ರಿ ಎಷ್ಟೊತ್ತು ಬತ್ತದೆ ಕೇಳಿ. ಒಳಗಿನ ಫ್ಯಾನ್ ಗೊರಗೊರ ಅಂದ್ರೆ ಅದೂ ರೆಕಾರ್ಡ್ ಆಯ್ತದೆ, ಕಿವಿಯಿಟ್ಟು ಕೇಳಿ." ಅಂಗಡಿಯಲ್ಲಿ ನಾನು ಮೊದಲು ಸಿಕ್ಕ ಲ್ಯಾಪ್‌ಟಾಪನ್ನೇ ಎತ್ತಿ, ಕಿವಿಯ ಬಳಿ ಹಿಡಿದು, ಎರಡು ಸಲ ಜೋರಾಗಿ ಅಲ್ಲಾಡಿಸಿದೆ. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ನಮ್ಮ ಕಡೆ ಹಾಗೆಯೇ ಪರೀಕ್ಷಿಸುವುದು. ಒಳಗೆ ಒಣಗಿದ ತಿರುಳು, ಅಂದರೆ ಗಿಟುಕು, ಗಟಗಟ ಎಂದರೆ ಕೊಬ್ಬರಿಯಾಗಿದೆ ಎಂದರ್ಥ. ಕೈಗೆ ಬೇರೇನು ಗೊತ್ತು? ಅಂಗಡಿಯವನು ಗಾಬರಿಯಾಗಿ ಎದ್ದು ನಿಂತ. "ಕೆಳಗಿಡಿ ಮೇಷ್ಟ್ರೇ, ಇದು ಸದ್ದು ಮಾಡ್ದಿದ್ರೇನೇ ಒಳ್ಳೇದು" ಎಂದು ಸಾಬರು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಕೊನೆಗೆ ಸದ್ದಿಲ್ಲದೆ ಓಡುವ ಲ್ಯಾಪ್‌ಟಾಪ್, ಮೈಕು, ಎರಡನ್ನೂ ಜೋಡಿಸುವ ಪುಟ್ಟ ಡಬ್ಬಿ, ಹೆಡ್‌ಫೋನು ಎಲ್ಲವನ್ನೂ ಅವರೇ ಆರಿಸಿದರು. ನಾನು ಬ್ಯಾಗಿನ ಬಣ್ಣ ಆರಿಸಿದೆ.

ಭಾನುವಾರ ಹಟ್ಟಿಗೆ ಹೋಗಿ, ಕೋಳಿಗಳನ್ನೆಲ್ಲ ಆಚೆ ಅಟ್ಟಿ, ಮೈಕು ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂತೆ. ಅತ್ತೆ ನಾಲ್ಕು ಸಾಲು ಹಾಡಿ ನಿಲ್ಲಿಸಿಬಿಟ್ಟಳು.

"ಯಾಕತ್ತೆ, ಮರ್ತೋಯ್ತಾ?"

"ಮರೆಯಾಕೇನ್ಲಾ? ಹೂಂ ಅನ್ನೋರಿಲ್ದೆ ಗ್ವಾಡೆಗೆ ಹಾಡ್ಲಾ?"

ಕಥೆಹಾಡಿಗೆ ಸಾಲುಸಾಲಿಗೂ ಒಬ್ಬರು ಹೂಂಗುಟ್ಟಬೇಕು, ಅದು ಹಟ್ಟಿಯ ಪದ್ಧತಿ. ಮರೆತವನು ನಾನು. ಸರಿ, ಹೂಂಗುಟ್ಟುತ್ತ ಹೋದೆ. ಅವಳು ಒಂದು ಸಾಲೂ ತಪ್ಪದೆ ಹಾಡುತ್ತ ಹೋದಳು. ಬ್ಯಾಟರಿ ಕೈಕೊಡುವ ಮೊದಲೇ ಕಥೆ ದಡ ಸೇರಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿತ್ತು.

ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದೆ. ಮೈಕು ಅವಳಿಗಿಂತ ನನಗೇ ಹತ್ತಿರವಿದ್ದದ್ದು ಆಗ ಕಣ್ಣಿಗೆ ಬಿತ್ತು. ಅತ್ತೆ ಮೊದಲು ಬೆರಗಾದಳು, ಆಮೇಲೆ ನಕ್ಕಳು, ಆಮೇಲೆ ಹುಬ್ಬು ಗಂಟಿಕ್ಕಿದಳು.

"ನನ್ ದನಿ ಚಂದಾಗೇ ಬಂದೈತೆ ಕಣ್ಲಾ. ಇನ್ನೂ ಮೂರ್ ಕಥೆ ಅವೆ, ಬರೋ ಭಾನ್ವಾರ ಬಾ. ಆದ್ರೆ ನಡುನಡುವೆ ಎಮ್ಮೆ ಕೂಗ್ದಂಗೆ ಕೂಗ್ತಾನಲ್ಲ, ಆ ಮುದುಕನ್ನ ಮಾತ್ರ ಕರ್ಕಂಬರ್‌ಬ್ಯಾಡ."

ಆ ಮುದುಕ ತಲೆ ತಗ್ಗಿಸಿ "ಹೂಂ" ಎಂದ.